ಬಾಗಿಲ ಹೊರಗೆ ನಿಂತ ಫೋಟೋ ಮಾಸ್ತರು

ಕಳೆದ ವಾರ ಟ್ರಂಕಿನ ಬಟ್ಟೆಗಳನ್ನೆಲ್ಲ ಬಿಸಿಲಿಗೆ ಹಾಕುವಾಗ ನನ್ನ ಸೊಸೆಯ ಕೈಗೆ ಒಂದು ಕರಿ ಬಟ್ಟೆ ಸಿಕ್ಕಿತು. ಹೊರಗೆ ಕಪ್ಪು, ಒಳಗೆ ಕೆಂಪು, ಅಂಚೆಲ್ಲ ಹರಿದು ಎಳೆ ಬಿಟ್ಟಿತ್ತು. “ಅತ್ತಿ, ಇದನ್ನ ಒರಸೋ ಅರಬಿ ಮಾಡ್ಕೊಳ್ಳೇನ್ರಿ?” ಎಂದಳು ಪಾಪ. ನಾನು ಅದನ್ನು ಕಸಿದುಕೊಂಡ ರಭಸಕ್ಕೆ ಅವಳು ಹಿಂದೆ ಸರಿದಳು. ಆಮೇಲೆ ನನಗೇ ನಾಚಿಕೆಯಾಗಿ ಚಹಾ ಮಾಡಿಕೊಟ್ಟು ಸಮಾಧಾನಪಡಿಸಬೇಕಾಯಿತು.

ಅದು ಕ್ಯಾಮೆರಾದ ಬಟ್ಟೆ. ಈಗಿನವರಿಗೆ ಹೇಳಿದರೆ ತಿಳಿಯುವುದು ಕಷ್ಟ. ಆಗಿನ ಕ್ಯಾಮೆರಾ ಮೂರು ಕಾಲಿನ ಮೇಲೆ ನಿಲ್ಲುವ ಒಂದು ಮರದ ಪೆಟ್ಟಿಗೆ. ಅದರ ಹಿಂದಿನ ಗಾಜಿನಲ್ಲಿ ಎದುರಿಗಿರುವುದು ಮೂಡುತ್ತಿತ್ತು. ಹೊರಗಿನ ಬೆಳಕು ಬಿದ್ದರೆ ಆ ಗಾಜಿನಲ್ಲಿ ಏನೂ ಕಾಣುತ್ತಿರಲಿಲ್ಲವಾದ್ದರಿಂದ ಈ ಬಟ್ಟೆಯನ್ನು ತಲೆಯ ಮೇಲೆ ಹೊದ್ದು ನೋಡಬೇಕು. ಮಳೆ ಬಂದಾಗ ಚಕ್ಕಡಿಯಲ್ಲಿ ಇದೇ ಬಟ್ಟೆ ಕೊಡೆಯಾಗುತ್ತಿತ್ತು. ಒಮ್ಮೆ ನನ್ನ ಮಗ ಇದರಲ್ಲೇ ಸುತ್ತಿಕೊಂಡು ಸೇಡಂ ಸ್ಟೇಷನ್ನಿನಲ್ಲಿ ಒಂದು ಹಗಲು ಮಲಗಿದ್ದಾನೆ. ಮೂಗಿಗೆ ಹಿಡಿದರೆ ನನಗೆ ಈಗಲೂ ಫೋಟೋ ಅಳಿಸದಂತೆ ತೊಳೆಯುವ ಹೈಪೋ ನೀರಿನ ವಾಸನೆ ಬರುತ್ತದೆ. ಸೊಸೆಗೆ ಬರೀ ಡಾಂಬರು ಗುಳಿಗೆಯ ವಾಸನೆಯಂತೆ.

ನನ್ನ ತವರು ಮುಧೋಳ. ನನ್ನ ಅಜ್ಜಿಗೆ ಫೋಟೋ ಎಂದರೆ ಹಾವು ಕಂಡಂತೆ. ತೆಗೆಸಿಕೊಂಡವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ಗಟ್ಟಿ ನಂಬಿಕೆ. ಒಮ್ಮೆ ಗೌಡರ ಮನೆಗೆ ಎಲ್ಲಿಂದಲೋ ಫೋಟೋದವನು ಬಂದಾಗ ಅಜ್ಜಿ ಓಣಿಯ ಹುಡುಗರನ್ನೆಲ್ಲ ಒಟ್ಟುಗೂಡಿಸಿ ತೊಗರಿ ಚೀಲದ ಕೋಣೆಗೆ ತುಂಬಿ ಅಗಳಿ ಹಾಕಿಬಿಟ್ಟಳು. ನಾನು ಬಾಗಿಲ ಸಂದಿಯಿಂದ ಇಣುಕಿದೆ. ಮೈಯೆಲ್ಲ ಕಪ್ಪಾಗಿರುವ, ತಲೆಯೇ ಇಲ್ಲದ, ಕಾಲು ಮಾತ್ರ ಬೇಕಾದಷ್ಟಿರುವ ಏನೋ ಒಂದು ಅಂಗಳದಲ್ಲಿ ನಿಂತಿತ್ತು. ಆವತ್ತು ನನಗೆ ಜ್ವರವೇ ಬಂತು. ಮುಂದೆ ಅಂಥದೇ ಒಂದನ್ನು ಮದುವೆಯಾಗಿ ಚಿತ್ತಾಪುರಕ್ಕೆ ಹೋಗುತ್ತೇನೆಂದು ಆಗ ಯಾರಾದರೂ ಹೇಳಿದ್ದರೆ ನಾನು ಆ ಕೋಣೆಯಿಂದ ಹೊರಗೇ ಬರುತ್ತಿರಲಿಲ್ಲ.

ನಮ್ಮ ಮನೆಯವರ ಹೆಸರನ್ನು ನಾನು ಇಲ್ಲಿಯೂ ಹೇಳುವುದಿಲ್ಲ. ಹೇಳಿ ರೂಢಿಯಿಲ್ಲ. ಅವರು ಇದ್ದಾಗ ಯಾರಾದರೂ “ಈ ಸ್ಟುಡಿಯೋ ಯಾರದವ್ವಾ?” ಎಂದು ಕೇಳಿದರೆ ಬೋರ್ಡಿನತ್ತ ಕೈ ತೋರಿಸುತ್ತಿದ್ದೆ. ಅದರಲ್ಲಿ ಉರ್ದುವಿನಲ್ಲೂ ಕನ್ನಡದಲ್ಲೂ ಅವರ ಹೆಸರಿತ್ತು. ಕೇಳಿದವರಿಗೆ ಎರಡೂ ಓದಲು ಬಾರದಿದ್ದರೆ ದೊಡ್ಡ ಫಜೀತಿ. ಊರವರಿಗೆಲ್ಲ ಅವರು ಫೋಟೋ ಮಾಸ್ತರು. ನೀವೂ ಹಾಗೇ ಅಂದುಕೊಳ್ಳಿ.

ಸ್ಟುಡಿಯೋ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಅರಮನೆಯ ಮೆಟ್ಟಿಲು ಬರೆದ ಒಂದು ಪರದೆ, ಒಂದು ಕುರ್ಚಿ, ಯಾರ ಮೈಗಾದರೂ ಹಿಂದಿನಿಂದ ಪಿನ್ನು ಚುಚ್ಚಿ ಹೊಂದಿಸಬಹುದಾದ ಒಂದು ಕರಿ ಕೋಟು. ಗೂಟಕ್ಕೆ ಗೊಂಡೆಯಿರುವ ಒಂದು ಕೆಂಪು ರೂಮಿ ಟೋಪಿ ತೂಗುತ್ತಿತ್ತು. ನಿಜಾಮರ ಆಳ್ವಿಕೆ ಮುಗಿದ ಮೇಲೆ ಅದೇ ಗೂಟಕ್ಕೆ ಬಿಳಿ ಟೋಪಿ ಬಂತು. ಕೋಟು ಮಾತ್ರ ಅದೇ ಉಳಿಯಿತು. ಮೊದಲು ರೂಮಿ ಟೋಪಿ ಹಾಕಿಕೊಂಡು ತೆಗೆಸಿಕೊಂಡವರೇ ಎಷ್ಟೋ ಜನ ಮತ್ತೆ ಬಂದು ಬಿಳಿ ಟೋಪಿಯಲ್ಲಿ ಕುಳಿತರು. ನಮ್ಮವರು ಎರಡೂ ಸಲ ಗದ್ದ ಎತ್ತಿ ಕೂರಲು ಒಂದೇ ರೀತಿ ಹೇಳುತ್ತಿದ್ದರು.

ಕೆಲಸ ಚೆನ್ನಾಗಿತ್ತು. ಆದರೆ ನಮ್ಮವರಿಗೆ ಒಂದು ಚಟ. ಬೀಡಿಯಲ್ಲ, ಇಸ್ಪೀಟಲ್ಲ. ಯಾರಾದರೂ ಬಂದು, ನಮ್ಮ ಹಿರಿಯರು ತೀರಿಕೊಂಡಿದ್ದಾರೆ, ಬದುಕಿದ್ದಾಗ ಒಂದು ಫೋಟೋ ತೆಗೆಸಲಿಲ್ಲ ಎಂದರೆ ಸಾಕು, ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ವಿಭೂತಿ ಹಚ್ಚಿ ಹಾರ ಹಾಕುತ್ತಾರಲ್ಲ, ಮಣ್ಣಿಗೆ ಒಯ್ಯುವ ಮೊದಲು ಒಂದು ಫೋಟೋ. ಅದಕ್ಕಾಗಿ ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ಚಿಂಚೋಳಿ ಕಡೆಗೆ, ಸುಲೇಪೇಟಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಬರುವಾಗ ಕೈಯಲ್ಲಿ ತೊಗರಿಬೇಳೆಯ ಗಂಟು, ಇಲ್ಲವೇ ಅದೂ ಇಲ್ಲ. “ಇದು ಕಾಯಕ” ಎನ್ನುತ್ತಿದ್ದರು. “ಕಾಯಕ ಮಾಡೋರಿಗೆ ಹೊಟ್ಟಿ ಇರೂದಿಲ್ಲೇನ್ರಿ?” ಎಂದು ನಾನು. ಅವರು ನಕ್ಕು ಕೈ ತೊಳೆಯಲು ಹೋಗುತ್ತಿದ್ದರು. ಆ ನಗೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

ನಾನು ಈ ಕೆಲಸಕ್ಕೆ ಬಿದ್ದದ್ದು ಗೋಷಾ ಹೆಂಗಸರಿಂದ. ಪರಗಂಡಸಿನ ಕಣ್ಣಿಗೆ ಬೀಳಬಾರದ ಮುಸಲ್ಮಾನರ ಮನೆತನದ ಹೆಣ್ಣುಮಕ್ಕಳು ಫೋಟೋ ತೆಗೆಸಿಕೊಳ್ಳುವುದು ಹೇಗೆ? ನಮ್ಮವರು ಖಾಲಿ ಕುರ್ಚಿಯ ಮೇಲೆ ತಲೆಯ ಎತ್ತರಕ್ಕೆ ಒಂದು ಕೊಡ ಇಟ್ಟು, ಕ್ಯಾಮೆರಾ ಹೊಂದಿಸಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದರು. ನಾನು ಕೊಡ ತೆಗೆದು ಅವರನ್ನು ಕೂರಿಸಿ ಮಸೂರದ ಮುಚ್ಚಳ ತೆಗೆಯುತ್ತಿದ್ದೆ. ಮುಚ್ಚಳ ಎಷ್ಟು ಹೊತ್ತು ತೆಗೆದಿರಬೇಕೆಂಬುದಕ್ಕೆ ನಮ್ಮ ಬಳಿ ಗಡಿಯಾರವಿರಲಿಲ್ಲ, ಓಂ ನಮಃ ಶಿವಾಯ ಇತ್ತು. ಅಂಗಳದ ಬಿಸಿಲಿಗೆ ಒಂದು ಸಲ ಅಂದರೂ ಹೆಚ್ಚಾಗುತ್ತಿತ್ತು, ಪಡಸಾಲೆಗೆ ಇನ್ನಷ್ಟು, ಒಳಕೋಣೆಗೆ ನಿಧಾನವಾಗಿ ಬಹಳ ಸಲ.

ಎಳೆ ಮಕ್ಕಳ ಫೋಟೋಕ್ಕೆ ಇನ್ನೊಂದು ಪದ್ಧತಿ. ಕೂಸು ಒಂಟಿಯಾಗಿ ಕೂರುವುದಿಲ್ಲ, ತಾಯಿಯ ಮುಖ ಬರಬಾರದು. ಹಾಗಾಗಿ ತಾಯಿ ಪೂರ್ತಿ ಬುರ್ಖಾ ಎಳೆದುಕೊಂಡು ಕೂಸನ್ನು ತೊಡೆಯ ಮೇಲೆ ಹಿಡಿದು ಕೂರುತ್ತಿದ್ದಳು. ಫೋಟೋದಲ್ಲಿ ಕೂಸು ಕರಿ ಗುಡ್ಡದ ಮೇಲೆ ಕುಳಿತಂತೆ ಕಾಣುತ್ತಿತ್ತು. ಅಂಥ ಗುಡ್ಡಗಳು ನಮ್ಮ ಸ್ಟುಡಿಯೋದಿಂದ ಎಷ್ಟೋ ಮನೆಗಳಿಗೆ ಹೋಗಿವೆ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಆವತ್ತು ನಮ್ಮವರು ಶಹಾಬಾದಿಗೆ ಹೊರಟಿದ್ದರು. ಅಲ್ಲಿ ಫರಸಿ ಕಲ್ಲಿನ ಗಣಿಗಳ ಒಬ್ಬ ದೊಡ್ಡ ಸಾವುಕಾರರು ಹೊಸ ಬಂಗಲೆ ಕಟ್ಟಿಸಿದ್ದರು. ಮನೆಮಂದಿ, ಆಳುಕಾಳು, ಅಧಿಕಾರಿಗಳು ಎಲ್ಲ ಸೇರಿದ ಗ್ರೂಪ್ ಫೋಟೋ ತೆಗೆಯಬೇಕಿತ್ತು. ಅದು ಚೆನ್ನಾಗಿ ಬಂದರೆ ಆ ಮನೆತನದ ಕೆಲಸವೆಲ್ಲ ಇನ್ನು ನಮ್ಮದೇ ಎಂದು ಮಾತಾಗಿತ್ತು. ಫೋಟೋ ಮೂಡಿಸುವ ಗಾಜಿನ ಪ್ಲೇಟುಗಳು ಮನೆಯಲ್ಲಿ ಉಳಿದಿದ್ದವು ಎರಡೇ, ಒಂದಕ್ಕೆ ಒಂದೇ ಫೋಟೋ. ಹೊಸ ಡಬ್ಬಿ ಮುಂಬಯಿಯಿಂದ ವಾಡಿ ಸ್ಟೇಷನ್ನಿಗೆ ಬರಬೇಕಿತ್ತು, ಇನ್ನೂ ಬಂದಿರಲಿಲ್ಲ. ಆ ಎರಡನ್ನೂ ಈ ಫೋಟೋಕ್ಕೆಂದೇ ಎತ್ತಿಟ್ಟಿದ್ದರು. ನಾನು ಬೆಳಿಗ್ಗೆಯೇ ಎದ್ದು ಅವರ ಧೋತರಕ್ಕೆ ನೀಲಿ ಹಾಕಿ ಒಣಗಿಸಿದ್ದೆ.

ಕ್ಯಾಮೆರಾ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಾಗ ದಂಡೋತಿಯಿಂದ ಒಂದು ಸವಾರಿ ಚಕ್ಕಡಿ ಬಂತು. ಬುರ್ಖಾದ ಮುದುಕಿಯೊಬ್ಬಳು ಇಳಿದು ಸೀದಾ ಅಡುಗೆಮನೆಗೆ ಬಂದಳು. ಹುಸೇನ್‌ಬಿ ಎಂದು ಹೆಸರು. ಹಿಂದೆ ಒಮ್ಮೆ ಮೊಮ್ಮಗನನ್ನು ಕರಿ ಗುಡ್ಡದ ಮೇಲೆ ಕೂರಿಸಿ ತೆಗೆಸಿಕೊಂಡು ಹೋದವಳು. ಮುಖದ ಮೇಲಿನ ಬಟ್ಟೆ ತೆಗೆದಾಗ ಅವಳ ಕಣ್ಣು ಬಾತಿದ್ದವು.

“ನನ್ನ ಸಣ್ಣ ಮಗಳು ಜೈನಬಿ, ಹಡಿಲಿಕ್ಕೆ ಬಂದಾಳವ್ವಾ. ಹೆಣ್ಣು ಕೂಸು. ಹಡದಾಗಿಂದ ಎದ್ದಿಲ್ಲ. ಡಾಕ್ಟರು ನಿನ್ನಿ ಬಂದು ನೋಡಿ ನನ್ನ ಕಡಿಗಿ ನೋಡಲೇ ಇಲ್ಲ, ಚೀಲ ಎತ್ತಿಕೊಂಡು ಹೋದ್ರು. ಕೂಸಿಗಿ ತಾಯಿ ಮುಖ ಗೊತ್ತಾಗಬೇಕವ್ವಾ. ಅಕಿ ಬುರ್ಖಾ ಇಲ್ಲದ ಫೋಟೋ ಬೇಕು.”

ನಮ್ಮವರು ನಡುಮನೆಯ ಗೋಡೆಯ ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅಲ್ಲಿಂದ, “ನೀನು ಹೋಗ್ತೀ ಅಂತ ಹೇಳು” ಎಂದರು.

ನಾನು ಆಚೆ ಹೋಗಿ ಹಲ್ಲು ಕಚ್ಚಿ ಕೇಳಿದೆ. “ಶಹಾಬಾದ? ನಾಳಿ ಹೋದ್ರ ಆಗೂದಿಲ್ಲೇನ್ರಿ ದಂಡೋತಿಗಿ?”

ಮುದುಕಿಗೆ ಕೇಳಿಸಿತು. ಅಡುಗೆಮನೆಯಿಂದಲೇ, “ನಾಳಿ ನನ್ನ ಕೈಯಾಗಿಲ್ಲ ತಾಯಿ” ಎಂದಳು. ನಾನು ಅಡುಗೆಮನೆಗೆ ಮರಳಿದೆ. ಆದರೂ ಒಳಗೆ ಸಿಟ್ಟು ಹಾಗೇ ಇತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಹುಸೇನ್‌ಬಿ ಒಂದು ಪ್ರಶ್ನೆ ಕೇಳಿದಳು. ಇಷ್ಟು ವರ್ಷದಲ್ಲಿ ಯಾರೂ ಕೇಳದಿದ್ದದ್ದು. “ಫೋಟೋ ಆ ಪೆಟ್ಟಿಗ್ಯಾಗಿಂದ ಹೊರಗ ಬಂದಾಗ ಮೊದಲ ಯಾರು ನೋಡ್ತಾರ?”

“ಇವತ್ತಿನ ತನಕ ನಾನೇ ನೋಡೀನಿ ಅಂತ ಹೇಳು” ಎಂದರು ನಮ್ಮವರು ಗೋಡೆಯ ಆಚೆಯಿಂದ. “ಇದನ್ನ ಇಕಿ ನೋಡ್ತಾಳ. ತೊಳಿಯೂದು, ಅಚ್ಚು ಹಾಕೂದು ಎಲ್ಲಾ ಇಕೀನೇ. ನಾನು ನೋಡೂದಿಲ್ಲ. ಮಾತು ಕೊಟ್ಟೀನಿ.”

ಮಾತು ಕೊಟ್ಟವರು ಅವರು, ಕೆಲಸ ನನ್ನದು! ಪ್ಲೇಟನ್ನು ಔಷಧಿಯಲ್ಲಿ ತೊಳೆದು ಮುಖ ಬರಿಸುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೆನೇ ಹೊರತು ಕೈ ಹಚ್ಚಿರಲಿಲ್ಲ. ಕ್ಯಾಮೆರಾ ಹೊಂದಿಸುವುದಂತೂ ದೂರವೇ ಉಳಿಯಿತು. ಕೆಡಿಸಿದರೆ ಆ ಕೂಸಿಗೆ ತಾಯಿಯ ಮುಖ ಇನ್ನು ಎಲ್ಲಿಂದ ತರುವುದು? ನಾನು ಅಳುವುದೊಂದು ಬಾಕಿ. ಅವರು ಅಂಗಳದಲ್ಲೇ ಕ್ಯಾಮೆರಾ ಬಿಚ್ಚಿ ನನ್ನ ತಲೆಯ ಮೇಲೆ ಈ ಕರಿ ಬಟ್ಟೆ ಹೊದಿಸಿ ಬಾವಿಯ ರಾಟೆಯನ್ನು ತೋರಿಸಿದರು. ರಾಟೆ ತಲೆಕೆಳಗಾಗಿ ಕಂಡಿತು. “ಎಲ್ಲಾ ಹಾಂಗೇ ಕಾಣ್ತದ, ಗಾಬರಿ ಆಗಬ್ಯಾಡ. ಕಣ್ಣಿನ ರೆಪ್ಪಿ ಚೊಕ್ಕ ಕಾಣೂ ತನಕ ಈ ತಿರುಪು ತಿರುವು” ಎಂದರು.

“ನೀವೂ ಬಂದು ಅಂಗಳದಾಗ ಕುಂದ್ರಿ” ಎಂದೆ.

“ಶಹಾಬಾದಿನಾಗ ಅಷ್ಟು ಮಂದಿ ಕಾಯ್ತಿರ್ತಾರ. ಬರೂದಿಲ್ಲಂತ ಎದುರಿಗಿ ನಿಂತು ಹೇಳ್ಬೇಕು.”

ಹೀಗೆ ಕ್ಯಾಮೆರಾ ಆ ಎರಡು ಪ್ಲೇಟಿನ ಸಮೇತ ನನ್ನ ಜೊತೆ ಚಕ್ಕಡಿಯಲ್ಲಿ ದಂಡೋತಿಗೆ ಹೋಯಿತು. ಫೋಟೋ ಮಾಸ್ತರು ಬರಿಗೈಯಲ್ಲಿ, ನೀಲಿ ಹಾಕಿದ ಧೋತರದಲ್ಲಿ, ವಾಡಿಯಲ್ಲಿ ಗಾಡಿ ಬದಲಿಸಿ ಬೈಸಿಕೊಳ್ಳಲು ಶಹಾಬಾದಿಗೆ ಹೋದರು.

ಜೈನಬಿ ನನಗಿಂತ ಚಿಕ್ಕವಳು. ಒಳಕೋಣೆಯಲ್ಲಿ ಫರಸಿ ನೆಲದ ಮೇಲೆ ಹಾಸಿಗೆ. ಮೇಲೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಬಿಸಿಲು ಅಲ್ಲಿಂದ ಒಂದು ಚೌಕವಾಗಿ ಗೋಡೆಗೆ ಬಿದ್ದಿತ್ತು. ಅವಳನ್ನು ಅಂಗಳಕ್ಕೆ ಎತ್ತಿ ತರುವಂತಿರಲಿಲ್ಲ. ಮೈ ತಾಳುತ್ತಿರಲಿಲ್ಲ, ಸುತ್ತಲ ಮಾಳಿಗೆಗಳಿಂದ ಕಾಣುತ್ತಲೂ ಇತ್ತು. ನಮ್ಮವರು ಹೇಳಿಕೊಟ್ಟಂತೆ ಬಿಸಿಲು ಬೀಳುವಲ್ಲಿ ಒಂದು ಬಿಳಿ ಚಾದರ ಹಿಡಿದು ನಿಲ್ಲಲು ಹುಸೇನ್‌ಬಿಗೆ ಹೇಳಿದೆ. ಬೆಳಕು ಚಾದರದಿಂದ ತಿರುಗಿ ಮಗಳ ಮುಖಕ್ಕೆ ಬಂತು. ಆ ಬೆಳಕಿನಲ್ಲಿ ತಾಯಿಗೆ ಮಗಳು ಎಷ್ಟು ಇಳಿದು ಹೋಗಿದ್ದಾಳೆಂದು ಕಂಡಿರಬೇಕು. ಚಾದರದ ಹಿಂದೆ ಮುಖ ಮರೆಸಿಕೊಂಡಳು.

ಜೈನಬಿ ತಾನೇ ತಲೆ ಬಾಚಿಸಿಕೊಂಡು, ಹಸಿರು ಓಢಣಿ ಕೇಳಿ ಹೊದ್ದುಕೊಂಡಳು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಕೂಸನ್ನು ತೊಡೆಯ ಮೇಲೆ ಇಟ್ಟೆವು.

“ಅಕ್ಕಾ, ನಾ ಏನು ಮಾಡ್ಬೇಕು?” ಎಂದಳು.

“ಏನಿಲ್ಲ ತಂಗಿ. ನಾ ಮುಚ್ಚಳ ತೆಗದಾಗ ಅಳ್ಳಾಡಬ್ಯಾಡ. ಆಗೂದಾದ್ರ ಉಸಿರು ಹಿಡಿ, ಇಲ್ಲಂದ್ರ ಬಿಡು, ತ್ರಾಸ ಮಾಡ್ಕೋಬ್ಯಾಡ.”

“ಅಳ್ಳಾಡಿದ್ರ?”

“ಮುಖ ಅಳಿಸಿ ಹೋಗ್ತದ.”

ಹಾಗೆ ಹೇಳಬಾರದಿತ್ತೇನೋ. ಆದರೆ ಇದ್ದದ್ದು ಅದೇ. ಅವಳು ತಲೆಯಾಡಿಸಿದಳು.

ಕರಿ ಬಟ್ಟೆಯೊಳಗೆ ಹೊಕ್ಕೆ. ಗಾಜಿನಲ್ಲಿ ಜೈನಬಿ ತಲೆಕೆಳಗಾಗಿ ಕಂಡಳು. ರೆಪ್ಪೆ ಚೊಕ್ಕವಾಗುವ ತನಕ ತಿರುವಿದೆ. ಚೊಕ್ಕವಾಗಿ ಕಂಡ ಮೇಲೆ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಒಳಗೆ ಯಾರಿಗೂ ಕಾಣುವುದಿಲ್ಲವಲ್ಲ. ಬೆಳಿಗ್ಗೆಯಿಂದ ಇದ್ದ ಸಿಟ್ಟು ಆ ಬಟ್ಟೆಯೊಳಗೇ ಕರಗಿ ಹೋಯಿತು.

ಮೊದಲನೆಯ ಪ್ಲೇಟು ಹಾಳಾಯಿತು. ಮುಚ್ಚಳ ತೆಗೆಯುತ್ತಿದ್ದಂತೆ ಅವಳಿಗೆ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಹಿಂದಕ್ಕೆ ಬಿದ್ದಳು. ತಾಯಿ ಚಾದರ ಬಿಟ್ಟು ಓಡಿದಳು. ಸಾಕು ಬಿಡು ಎಂದು ನಾನಂದರೆ ಜೈನಬಿ ಕೈ ಮಾಡಿ, ತಡೆಯಿರಿ ಎಂದಳು. ನೀರು ಕುಡಿದು, ಎದ್ದು, ಓಢಣಿ ಮತ್ತೆ ಸರಿಮಾಡಿಕೊಂಡಳು. ಈ ಸಲ ತುಟಿ ಬಿಗಿದು ಕ್ಯಾಮೆರಾದ ಕಡೆಗೆ ನೇರವಾಗಿ ನೋಡಿದಳು. ನಾನು ಮುಚ್ಚಳ ತೆಗೆದೆ. ಮನಸ್ಸಿನಲ್ಲಿ ನನ್ನ ಓಂ ನಮಃ ಶಿವಾಯ, ಚಾದರದ ಹಿಂದೆ ಹುಸೇನ್‌ಬಿಯ ಬಿಸ್ಮಿಲ್ಲಾ. ಅಷ್ಟು ಉದ್ದದ ಹೊತ್ತನ್ನು ನಾನು ಮತ್ತೆ ಕಂಡಿಲ್ಲ. ಮುಚ್ಚಳ ಹಾಕಿದ ಮೇಲೆ ಅವಳು ಉಸಿರು ಬಿಟ್ಟ ಸಪ್ಪಳ ಕೋಣೆಗೆಲ್ಲ ಕೇಳಿಸಿತು.

ಸಂಜೆ ನಾನು ಮನೆಗೆ ಬಂದ ಸ್ವಲ್ಪ ಹೊತ್ತಿಗೆ ನಮ್ಮವರೂ ಬಂದರು. “ಸಾವುಕಾರ್ರು ಏನಂದ್ರು?” ಎಂದೆ. “ಇನ್ನ ಮುಂದ ಬರೂದು ಬ್ಯಾಡ ಅಂದ್ರು” ಎಂದು ಚಪ್ಪಲಿ ಬಿಟ್ಟರು. “ಹ್ಯಾಂಗದಾಳ ಅಕಿ?” ಎಂದು ಕೇಳಿದರು. ಮುಂದೆ ಆ ಮನೆತನದ ಕೆಲಸವೆಲ್ಲ ಗುಲಬರ್ಗಾದವರ ಪಾಲಾಯಿತು. ಅದರ ಸುದ್ದಿಯನ್ನು ನಾನು ತೆಗೆದಾಗಲೆಲ್ಲ ಅವರು ಬೇರೆ ಮಾತು ತೆಗೆಯುತ್ತಿದ್ದರು.

ಕತ್ತಲೆ ಕೋಣೆ ಎಂದರೆ ನಮ್ಮ ಬಚ್ಚಲ ಪಕ್ಕದ ಸಣ್ಣ ಕೋಣೆ. ಕೆಂಪು ಗಾಜಿನ ಕಂದೀಲು, ಮೂರು ಪಿಂಗಾಣಿ ತಟ್ಟೆ. ಬೇಸಿಗೆಯಲ್ಲಿ ನೀರು ಬೆಚ್ಚಗಿದ್ದರೆ ಗಾಜಿನ ಮೇಲಿನ ಲೇಪ ಕರಗಿ ಜಾರುತ್ತದೆಂದು ಹೊಸ ಗಡಿಗೆಯ ತಣ್ಣೀರನ್ನು ಅವರೇ ತುಂಬಿಟ್ಟರು. ಔಷಧಿ ಕಲಸಿಟ್ಟರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವರು ಹೊರಗೆ ನಿಂತರು. ಬಾಗಿಲು ಮುಚ್ಚಿದ್ದರೂ ಬೆನ್ನು ತಿರುಗಿಸಿ ನಿಂತಿದ್ದರಂತೆ, ಪಕ್ಕದ ಮನೆಯ ಶಿವಮ್ಮ ಆಮೇಲೆ ಹೇಳಿದಳು. ಫೋಟೋ ಮಾಸ್ತರಿಗೆ ಏನೋ ಆಗಿದೆ, ಬಚ್ಚಲ ಗೋಡೆಯ ಮುಂದೆ ನಿಂತು ಬಾವಿಯ ಜೊತೆ ಮಾತಾಡುತ್ತಿದ್ದಾರೆ ಎಂದು ಅವಳಿಗೆ ಅನಿಸಿತ್ತು.

“ಏನರ ಕಾಣ್ತದೇನು?”

“ಏನೂ ಇಲ್ರಿ.”

“ತಟ್ಟಿ ತೂಗ್ತಾ ಇರು. ಕೈ ನಿಲ್ಲಸಬ್ಯಾಡ.”

“ಒಂದು ಕಡಿ ಕರ್ರಗಾಗ್ಲಿಕತ್ತದ.”

“ಏನದು?”

“ಹಾಸಿಗಿ ಚಾದರ.”

“ಛಲೋ ಆತು. ಪ್ಲೇಟಿನಾಗ ಬಿಳಿದು ಮೊದಲ ಕರ್ರಗಾಗ್ತದ. ಮುಖ?”

“ಮುಖ ಬಂತ್ರಿ! ಕಣ್ಣು...”

“ಕಣ್ಣು ಹ್ಯಾಂಗದ ಅಂತ ಹೇಳಬ್ಯಾಡ” ಎಂದು ಗದರಿದರು. “ಬಣ್ಣ ಅಷ್ಟ ಹೇಳು. ಬೂದಿ ಬಣ್ಣ ಅದೋ, ಕಪ್ಪಾಗ್ಯದೋ?”

ಬೂದಿ ಬಣ್ಣ ಎಂದೆ. ಇನ್ನಷ್ಟು ತೂಗು ಎಂದರು. ಹುಬ್ಬಿಗೂ ರೆಪ್ಪೆಗೂ ನಡುವೆ ಗೆರೆ ಬಿಡಿಸಿ ಕಂಡಾಗ ಹೇಳು ಎಂದರು. ನಾನು ಕಂದೀಲಿನ ಹತ್ತಿರ ಬಗ್ಗಿ ನೋಡುತ್ತ ಇದ್ದೆ. ಗೆರೆ ಬಿಡಿಸಿತು. ಆಗ ಕಣ್ಣು ತೊಡೆಯ ಮೇಲೆ ಹೋಯಿತು. ನನ್ನ ಕೈ ನಿಂತುಬಿಟ್ಟಿತು.

“ಕೂಸು ಇಲ್ರಿ! ಕೂಸು ಇರೋ ಜಾಗಾದಾಗ ಬರೇ ಮೋಡ ಅದ!”

ಹೊರಗಿನಿಂದ ಮೆಲ್ಲಗೆ, “ಕೂಸು ಅಳ್ಳಾಡಿರ್ಬೇಕು. ತಾಯಿ ಅದಾಳಿಲ್ಲೋ?” ಎಂದರು.

“ಅದಾಳ.”

“ಹಾಂಗಾದ್ರ ನೀರಿಗಿ ಅದ್ದಿ ಹೈಪೋದಾಗ ಹಾಕು. ಜಲ್ದಿ.”

ಹಾಕಿದೆ. ಮರುದಿನ ಬೆಳಿಗ್ಗೆ ಬಿಸಿಲಿನಲ್ಲಿ ಕಾಗದದ ಮೇಲೆ ಅಚ್ಚು ಹಾಕುವಾಗಲೂ ಅವರು ಮನೆಯಲ್ಲಿರಲಿಲ್ಲ, ಬೇಕೆಂದೇ ಸ್ಟೇಷನ್ನಿಗೆ ಹೋಗಿ ಕುಳಿತಿದ್ದರು. ಪ್ಲೇಟುಗಳನ್ನು ಸ್ಟುಡಿಯೋದಲ್ಲೇ ಉಳಿಸಿಕೊಳ್ಳುವುದು ನಮ್ಮ ಪದ್ಧತಿ. ಇದನ್ನು ಮಾತ್ರ ಫೋಟೋದ ಜೊತೆಗೇ ಕೊಟ್ಟುಬಿಡು ಎಂದು ಹಿಂದಿನ ದಿನವೇ ಹೇಳಿದ್ದರು. ಇಷ್ಟು ವರ್ಷ ಸಾವಿರ ಮುಖಗಳನ್ನು ಕಂದೀಲಿಗೆ ಹಿಡಿದು ನೋಡಿದ ಮನುಷ್ಯ, ನಮ್ಮ ಸ್ಟುಡಿಯೋದಿಂದ ಹೊರಬಿದ್ದ ಎಲ್ಲಕ್ಕಿಂತ ಚಂದದ ಮುಖವನ್ನು ನೋಡಲೇ ಇಲ್ಲ. ನೋಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ.

ದಂಡೋತಿಗೆ ಹೋಗುವ ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಕೂಸಿಗಾಗಿ ತೆಗೆದ ಫೋಟೋದಲ್ಲಿ ಕೂಸೇ ಇಲ್ಲ. ಮನೆಯಲ್ಲಿ ಇನ್ನೊಂದು ಪ್ಲೇಟೂ ಇಲ್ಲ. ಏನು ಹೇಳುವುದು?

ಜೈನಬಿ ಅಂದು ಏಳುವ ಸ್ಥಿತಿಯಲ್ಲಿರಲಿಲ್ಲ. ಆದರೆ ಎಚ್ಚರವಿದ್ದಳು. ಹುಸೇನ್‌ಬಿ ಕೂಸನ್ನು ಅವಳ ಪಕ್ಕದಲ್ಲಿ ಮಲಗಿಸಿದ್ದಳು. ನಾನು ಫೋಟೋವನ್ನು ಬೆಳಕಿಂಡಿಯ ಬೆಳಕಿಗೆ ಹಿಡಿದು ಅವಳ ಕಣ್ಣಿನ ಹತ್ತಿರ ತಂದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳೆತ್ತಿ ತೊಡೆಯ ಮೇಲಿನ ಬಿಳಿ ಮೋಡವನ್ನು ಮುಟ್ಟಿದಳು.

“ನನ್ನ ಕೂಸು?”

“ಅಳ್ಳಾಡಿಬಿಡ್ತು ತಂಗಿ” ಎಂದೆ.

ಪಕ್ಕದಲ್ಲಿ ಕೂಸು ಕಾಲು ಒದೆಯುತ್ತಿತ್ತು. ಜೈನಬಿ ಅದರ ಕಡೆಗೆ ಒಮ್ಮೆ ನೋಡಿ ನಕ್ಕಳು.

“ಅದು ಅಳ್ಳಾಡ್ಲಿ ಬಿಡ್ರಿ ಅಕ್ಕಾ” ಎಂದಳು. “ನಾ ಅಳ್ಳಾಡಿಲ್ಲ ನೋಡ್ರಿ.”